ಒಳಗೆ ಬಿಟ್ಟ ಬಟ್ಟೆ

ಅವನನ್ನು ನಾನು ಮೊದಲು ನೋಡಿದ ದಿನ ಅವನು ನನ್ನಲ್ಲಿ ಕೇಳಿದ್ದು ಒಂದು ಸೂಜಿ.

ಅಂಗಡಿಯ ಅರ್ಧ ಭಾಗ ಬಾಡಿಗೆಗಿದೆ ಎಂದು ಗೊತ್ತಾಗಿ ಹೊಲಿಗೆ ಯಂತ್ರವನ್ನು ತಳ್ಳುಗಾಡಿಯಲ್ಲಿ ಹೇರಿಸಿಕೊಂಡು ಬಂದಿದ್ದೆ. ನಮ್ಮ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಬಟ್ಟೆ ಕತ್ತರಿಸುತ್ತಿದ್ದರು, ನಾನು ಕಾಜ ಹೊಲಿದು ಗುಂಡಿ ಹಾಕುತ್ತಿದ್ದೆ. ಅವರು ಹೋದ ಮೇಲೆ ಎರಡು ಕೆಲಸವೂ ನನ್ನ ಪಾಲಿಗೇ ಬಂತು. ಅಂಗಡಿಯೆಂದರೆ ಮೂರು ಮೆಟ್ಟಿಲು ಹತ್ತಿದರೆ ಉದ್ದನೆಯ ಒಂದೇ ಕೋಣೆ. ಬೀದಿಯ ಕಡೆಗೆ ಒಂದು ಕಿಟಕಿ. ಕಿಟಕಿಯ ಬೆಳಕು ಯಾರಿಗೆ ಎಂಬುದೇ ನನ್ನ ಚಿಂತೆ. ಬೆಳಕಿಲ್ಲದೆ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವುದು ಹೇಗೆ?

ಅಂಗಡಿಯ ಇನ್ನರ್ಧದಲ್ಲಿ ರಿಪೇರಿ ಮಾಡುವ ಅವನು ಕಿಟಕಿಯ ಪಕ್ಕದಲ್ಲೇ ಕೂತಿದ್ದ. ನಲವತ್ತರ ಹತ್ತಿರದ ಮನುಷ್ಯ, ಅರ್ಧ ತೋಳಿನ ಅಂಗಿ, ಮೇಲಿನ ಗುಂಡಿ ಕಿತ್ತು ಹೋಗಿತ್ತು. ಕೈಯಲ್ಲಿ ವಿಡಿಯೋ ಆಟದ ಯಂತ್ರದ ಕಂಟ್ರೋಲರ್, ಎರಡೂ ಕೈಯಲ್ಲಿ ಹಿಡಿದು ಆಡುವಂಥದ್ದು. ಅದರ ಹೊಟ್ಟೆ ಬಿಚ್ಚಿತ್ತು. ತಲೆ ಎತ್ತದೆ ಕೇಳಿದ: "ಅಮ್ಮಾ, ನಿಮ್ಮ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಸಣ್ಣ ಸೂಜಿ ಕೊಡ್ತೀರಾ? ಇದರ ಕತ್ತಿನಲ್ಲಿ ಒಂದು ಧೂಳಿನ ಕಣ ಸಿಕ್ಕಿಕೊಂಡಿದೆ. ನಂದು ಯಾವುದೂ ಹೋಗ್ತಿಲ್ಲ."

ಕೊಟ್ಟೆ. ಅವನು ಕಣ್ಣು ಮುಚ್ಚಿಕೊಂಡು, ಮೇಲಿನ ಸ್ಟಿಕ್ಕನ್ನು, ಹೆಬ್ಬೆರಳಿಂದ ಆಡಿಸುವ ಪುಟ್ಟ ಕಡ್ಡಿಯನ್ನು, ಮೆಲ್ಲಗೆ ತಿರುಗಿಸುತ್ತಾ ಒಂದು ಕಡೆ ನಿಲ್ಲಿಸಿ ಸೂಜಿ ತೂರಿಸಿದ. ಸೂಜಿಯ ತುದಿಗೆ ಬಂದ ಕಸ ನನ್ನ ಕಣ್ಣಿಗೆ ಕಾಣಲೇ ಇಲ್ಲ. ಸೂಜಿಯನ್ನು ಒರೆಸಿ, ಒಂದು ಎಳೆ ದಾರ ಪೋಣಿಸಿ, ಗಂಟು ಹಾಕಿ ಹಿಂದಕ್ಕೆ ಕೊಟ್ಟ. ಬರಿಯ ಸೂಜಿ ಕೊಡಬಾರದು, ಬಿದ್ದರೆ ಸಿಗುವುದಿಲ್ಲ ಎಂಬುದು ಹೊಲಿಗೆಯವರಿಗೆ ಮಾತ್ರ ಗೊತ್ತಿರುವ ಮಾತು ಎಂದುಕೊಂಡಿದ್ದೆ. ಇವನ ಜೊತೆ ಇರಬಹುದು ಅನ್ನಿಸಿತು. ಅವತ್ತೇ ಅವನ ಅಂಗಿಗೆ ಗುಂಡಿ ಹಾಕಿಕೊಟ್ಟೆ. ಅವನು ತನ್ನ ಮೇಜನ್ನು ಎರಡು ಮೊಳ ಆಚೆ ಸರಿಸಿ ಕಿಟಕಿಯ ಅರ್ಧ ಬೆಳಕನ್ನು ನನಗೆ ಬಿಟ್ಟ.

ಹೀಗೆ ಹನ್ನೊಂದು ವರ್ಷ.

ಆಟ ಆಡುವವರು ಅವನನ್ನು ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಊರಿನ ಕೆಟ್ಟ ಕಂಟ್ರೋಲರ್‌ಗಳೆಲ್ಲ ಅವನ ಹತ್ತಿರ ಬರುತ್ತಿದ್ದವು. ಯಾರದು ಎಂದು ಚೀಟಿ ಅಂಟಿಸುವ ಪದ್ಧತಿ ಅವನಿಗಿರಲಿಲ್ಲ. ಸ್ಟಿಕ್ಕಿನ ಮೇಲಿನ ರಬ್ಬರ್ ಎಲ್ಲಿ ಸವೆದಿದೆ ಎಂದು ಹೆಬ್ಬೆರಳಿಂದ ಮುಟ್ಟಿ ನೋಡಿ ಹೇಳುತ್ತಿದ್ದ. "ಇದು ಡ್ರೈವರ್‌ದು. ನೋಡಿ ಅಮ್ಮಾ, ಕೆಳಗಡೆ ಮಾತ್ರ ಸವೆದಿದೆ. ದಿನವಿಡೀ ಬಸ್ಸಿನಲ್ಲಿ ಬ್ರೇಕ್ ಹಾಕ್ತಾರೆ, ಮನೆಗೆ ಹೋಗಿ ಆಟದಲ್ಲೂ ಬ್ರೇಕೇ ಹಾಕ್ತಾರೆ."

ಆ ಡ್ರೈವರ್ ಸಿಟಿ ಬಸ್ ಓಡಿಸುವವನು. ಹೆಬ್ಬೆರಳು ಬಾಳೆಕಾಯಿಯಷ್ಟು ದಪ್ಪ. ಡ್ಯೂಟಿ ಮುಗಿಸಿ ನೇರ ಇಲ್ಲಿಗೇ ಬರುತ್ತಿದ್ದ. ಅವನಲ್ಲದೆ ಕನ್ನಡಕದ ಲೆಕ್ಕದ ಮೇಷ್ಟ್ರು ಬರುತ್ತಿದ್ದರು. ಆಸ್ಪತ್ರೆಯ ನರ್ಸ್ ಒಬ್ಬಳು ಬರುತ್ತಿದ್ದಳು. ಅವಳು ಆಟಕ್ಕೆ ಕೂತರೆ ಎದುರಿನವರು ಸೋತಂತೆಯೇ. "ಆಸ್ಪತ್ರೇಲೂ ಡಾಕ್ಟ್ರು, ಇಲ್ಲೂ ಡಾಕ್ಟ್ರು, ನನಗೆ ಈ ಜನ್ಮದಲ್ಲಿ ಬಿಡುಗಡೆ ಇಲ್ಲ" ಎನ್ನುತ್ತಿದ್ದಳು. ಮೂವರೂ ಬೆಳೆದವರು, ಸಂಸಾರಸ್ಥರು. ಆಟ ಎಂದರೆ ಮಕ್ಕಳದು ಎಂದು ತಿಳಿದಿದ್ದ ನನಗೆ ಮೊದಮೊದಲು ನಗು ಬರುತ್ತಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಅವನ ತಂಗಿ ಊಟದ ಡಬ್ಬಿ ತರುತ್ತಿದ್ದಳು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೆಲಸ ಅವಳದು. ಅವನಿಗಿಂತ ಎಂಟು ವರ್ಷ ಚಿಕ್ಕವಳು. ಇಬ್ಬರಿಗೂ ಮದುವೆಯಾಗಿರಲಿಲ್ಲ. ತಾಯಿ ಬೇಗ ಹೋಗಿದ್ದಳು. ತಂದೆ ಐದು ವರ್ಷ ಹಾಸಿಗೆ ಹಿಡಿದು ಹೋದವರು, ಅವರನ್ನು ಇವರಿಬ್ಬರೇ ನೋಡಿಕೊಂಡಿದ್ದರು. ಆ ದಿನಗಳಲ್ಲಿ ಅವನು ಎಲ್ಲಿಂದಲೋ ಒಂದು ಹಳೆಯ ಆಟದ ಯಂತ್ರ ತಂದು ರಿಪೇರಿ ಮಾಡಿ ತಂಗಿಗೆ ಕೊಟ್ಟನಂತೆ. ಅದರಲ್ಲಿ ಒಂದು ದೋಣಿಯ ಆಟ. ಒಂದೇ ದೋಣಿ, ಇಬ್ಬರು ಕೂರಬೇಕು. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಚುಕ್ಕಾಣಿ ಹಿಡಿಯಬೇಕು. ಒಬ್ಬರೇ ಆಡಿದರೆ ದೋಣಿ ನಿಂತಲ್ಲೇ ಗಿರಗಿರ ಸುತ್ತುತ್ತದೆ. ಆ ಯಂತ್ರ ಈಗ ಅಂಗಡಿಯಲ್ಲಿತ್ತು. ಊಟವಾದ ಮೇಲೆ ಇಪ್ಪತ್ತು ನಿಮಿಷ ಅಣ್ಣ ತಂಗಿ ಅದನ್ನು ಆಡುತ್ತಿದ್ದರು.

"ಅಣ್ಣಾ, ಬಂಡೆ!"

"ನೋಡಿದೆ ಕಣೆ ಪುಟ್ಟಿ. ನೀನು ಹುಟ್ಟು ಹಾಕು, ಬಾಯಿ ಹಾಕ್ಬೇಡ."

ಇಪ್ಪತ್ತು ವರ್ಷದಿಂದ ಅದೇ ಆಟ, ಅದೇ ಬಂಡೆ. ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ನೀವು ಎಷ್ಟು ವರ್ಷದಿಂದ ಕಾಜ ಹೊಲೀತಿದ್ದೀರಿ ಅಮ್ಮಾ?" ಎಂದ.

ಒಂಬತ್ತನೆಯ ವರ್ಷದಲ್ಲಿ ನನ್ನ ಬಟ್ಟೆಯ ಚೂರುಗಳ ನಡುವೆ ಸ್ಕ್ರೂಗಳು ಸಿಗತೊಡಗಿದವು. ಎಳ್ಳಿನಷ್ಟು ಸಣ್ಣವು. ಮೊದಲು ವಾರಕ್ಕೊಂದು, ಆಮೇಲೆ ದಿನಕ್ಕೆ ಮೂರು ನಾಲ್ಕು. ಅಲ್ಲಿಯವರೆಗೆ ಅವನು ಎಂದೂ ಕೈಜಾರಿ ಒಂದನ್ನೂ ಬೀಳಿಸಿದವನಲ್ಲ. ನಾನು ಏನೂ ಕೇಳದೆ ಗುಂಡಿಯ ಡಬ್ಬಿಯ ಒಂದು ಗೂಡಿನಲ್ಲಿ ಅವನ್ನು ಕೂಡಿಡುತ್ತಾ ಬಂದೆ. ಗೂಡು ತುಂಬಿದ ದಿನ ಡಬ್ಬಿಯನ್ನು ಅವನ ಮೇಜಿನ ಮೇಲೆ ಇಟ್ಟೆ.

ಅವನು ಅದನ್ನು ನೋಡಿದ. ಆಮೇಲೆ ಬಲಗೈ ಚಾಚಿ ತೋರಿಸಿದ. ಹೆಬ್ಬೆರಳಿನ ಬುಡದಲ್ಲಿ ಉಬ್ಬಾಗಿರಬೇಕಾದ ಮಾಂಸ ಕರಗಿ ಅಲ್ಲಿ ಹಳ್ಳ ಬಿದ್ದಿತ್ತು.

"ನಮ್ಮಪ್ಪನಿಗೂ ಮೊದಲು ಹೋಗಿದ್ದು ಇದೇ ಅಮ್ಮಾ. ಬಲಗೈ ಹೆಬ್ಬೆರಳು. ಚಮಚ ಬೀಳಿಸೋಕೆ ಶುರು ಮಾಡಿದ್ರು. ಆಮೇಲೆ ಲೋಟನ ಎರಡೂ ಕೈಯಲ್ಲಿ ಹಿಡಿಯೋರು. ನಾವು ಚಿಕ್ಕವರು, ನಗ್ತಿದ್ವಿ." ಕೈಯನ್ನು ಹಿಂದಕ್ಕೆ ಎಳೆದುಕೊಂಡು, "ಪುಟ್ಟಿಗೆ ಹೇಳ್ಬೇಡಿ" ಎಂದ.

ಹೇಳುವುದೇನು ಬಂತು? ಅವಳಿಗೆ ಆಗಲೇ ಗೊತ್ತಿತ್ತು. ಒಂದು ತಿಂಗಳಿಂದ ಅವಳು ಅವನ ಊಟದ ಡಬ್ಬಿಯ ಮುಚ್ಚಳವನ್ನು ಮನೆಯಲ್ಲೇ ಅರ್ಧ ಸಡಿಲಿಸಿ ತರುತ್ತಿದ್ದಳು.

ಆ ವರ್ಷವೇ ಹೊಸ ಆಟದ ಯಂತ್ರ ಬರುತ್ತದೆ ಎಂಬ ಸುದ್ದಿ ಬಂತು. ದೋಣಿಯ ಆಟವನ್ನೂ ಹೊಸದಾಗಿ ಮಾಡಿದ್ದಾರೆ, ಹೊಳೆ ಉದ್ದವಾಗಿದೆ, ಸಮುದ್ರದವರೆಗೂ ಹೋಗಬಹುದು ಎಂದು ಮೇಷ್ಟ್ರು ಓದಿ ಹೇಳಿದರು. ಆದರೆ ಅದು ಹೊಸ ಯಂತ್ರದಲ್ಲಿ ಮಾತ್ರ. ಮಾರುವ ಕಂಪನಿಯವರು ಒಂದು ಮಾದರಿಯನ್ನು ಈ ಅಂಗಡಿಗೇ ತರುತ್ತಾರಂತೆ, ಹಿಡಿದು ನೋಡಿ ಅಭಿಪ್ರಾಯ ಬರೆದುಕೊಡಬೇಕಂತೆ. ಮುಂದಿನ ವಾರವೇ ಎಂದರು. ಅಷ್ಟು ಸಾಕಾಯಿತು. ಚಿತ್ರ ನೋಡಿಯೇ ಜಗಳ ಶುರು.

"ಎರಡು ಸ್ಟಿಕ್ಕೂ ಒಂದೇ ಸಾಲಲ್ಲಿರಬೇಕು" ಎಂದರು ಮೇಷ್ಟ್ರು. "ಕಣ್ಣು ಹೇಗಿದೆ? ಒಂದು ಮೇಲೆ ಒಂದು ಕೆಳಗೆ ಇದೆಯಾ?"

"ಮೇಷ್ಟ್ರೇ, ಕಣ್ಣಿನಿಂದ ಆಡ್ತೀರಾ ನೀವು? ಅದಕ್ಕೇ ಸೋಲೋದು" ಎಂದ ಡ್ರೈವರ್. "ಎಡಗಡೆದು ಮೇಲಿರಬೇಕು. ಸ್ಟೀರಿಂಗೂ ಗೇರೂ ಒಂದೇ ಎತ್ತರದಲ್ಲಿ ಇರ್ತಾವಾ?"

"ನಿಮ್ಮ ಬಸ್ಸು ಹತ್ತಿದವರು ಆಮೇಲೆ ನಮ್ಮ ಆಸ್ಪತ್ರೆಗೇ ಬರ್ತಾರೆ, ನೀವು ಮಾತಾಡ್ಬೇಡಿ" ಎಂದಳು ನರ್ಸ್. "ನನಗೆ ಅದು ಹಗುರ ಇರ್ಬೇಕು. ಸೆಲ್ ತೆಗೆದು ಬೇರೆ ಹಾಕೋ ಹಾಗಿರ್ಬೇಕು. ಚಾರ್ಜ್ ಮುಗಿದ್ರೆ ವೈರ್ ಹಿಡ್ಕೊಂಡು ಗೋಡೆ ಪಕ್ಕ ಕೂರೋಕೆ ನಾನೇನು ಡ್ರಿಪ್ ಹಾಕಿಸ್ಕೊಂಡಿದ್ದೀನಾ?"

"ಹಗುರ ಇದ್ರೆ ಆಟಿಕೆ ಅನ್ಸುತ್ತೆ" ಎಂದ ಡ್ರೈವರ್.

"ಅದು ಆಟಿಕೆನೇ ಕಣ್ರೀ!"

"ಹಿಂದುಗಡೆ ನಾಲ್ಕು ಬಟನ್ ಇದೆಯಂತೆ" ಎಂದರು ಮೇಷ್ಟ್ರು.

"ಹಿಂದೆ ಯಾಕೆ? ಮುಂದೆ ಇರೋದನ್ನೇ ನಿಮಗೆ ಒತ್ತಕ್ಕಾಗಲ್ಲ."

"ಬಂಡೆಗೆ ಬಡಿದ್ರೆ ಕೈಯಲ್ಲಿ ನಡುಗುತ್ತಂತೆ, ಎಡಗಡೆ ಬಡಿದ್ರೆ ಎಡಗೈಲಿ ಮಾತ್ರ."

ಡಾಕ್ಟ್ರನ್ನು ಕೇಳದೆ ಅಲ್ಲಿ ಯಾವ ಮಾತೂ ತೀರ್ಮಾನವಾಗುತ್ತಿರಲಿಲ್ಲ. "ಡಾಕ್ಟ್ರೇ, ನೀವು ಹೇಳಿ, ಏನಿರ್ಬೇಕು?" ಎಂದ ಡ್ರೈವರ್.

"ಎರಡು ತೂತು" ಎಂದ.

"ಏನು?"

"ಬೆನ್ನಿನ ಮೇಲೆ, ಈ ಕಡೆ ಒಂದು, ಆ ಕಡೆ ಒಂದು. ಅಷ್ಟೇ ಸಾಕು."

ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ತೂತು ಯಾಕ್ರೀ? ಇದೇನು ಈ ಅಜ್ಜಿ ಅಂಗಿಗೆ ಹಾಕೋ ಗುಂಡಿನಾ?" ಮೇಷ್ಟ್ರೂ ನಕ್ಕರು. ನರ್ಸ್ ನಗಲಿಲ್ಲ. ಅವಳು ಎದ್ದು ಹೋಗಿ ಅವನ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಹೆಬ್ಬೆರಳಿನ ಬುಡ ಒತ್ತಿ ನೋಡಿದಳು. "ಎಷ್ಟು ದಿನ ಆಯ್ತು?" ಎಂದಳು. ಅವನು ಹೇಳಿದ. ಡ್ರೈವರ್‌ನ ನಗು ಎಲ್ಲಿ ಹೋಯಿತೋ.

ಕೈಗೆ ಹಿಡಿಯಲು ಬಲವಿಲ್ಲದಿದ್ದರೆ ಹಿಡಿಯುವ ವಸ್ತುವೇ ಕೈಯನ್ನು ಹಿಡಿದುಕೊಳ್ಳಬೇಕು. ತೂತಿದ್ದರೆ ಅದಕ್ಕೆ ಒಂದು ಪಟ್ಟಿ ಹೊಲಿಯಬಹುದು. ಇದನ್ನು ಅವನು ನಿಧಾನವಾಗಿ ವಿವರಿಸಿದ. ನನಗೆ ವಿವರಣೆ ಬೇಕಿರಲಿಲ್ಲ. ತೂತಿಲ್ಲದ ಗುಂಡಿಯನ್ನು ಬಟ್ಟೆಗೆ ನಿಲ್ಲಿಸುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅಳತೆ ಟೇಪು ತಂದೆ.

"ಆ ಚರ್ರಂತ ಕೀಳೋ ಅಂಟುಪಟ್ಟಿ ಬೇಡ ಅಮ್ಮಾ" ಎಂದ. "ಅದನ್ನ ಬಿಗಿ ಮಾಡೋಕೆ ಇನ್ನೊಬ್ರು ಬೇಕಾಗುತ್ತೆ. ನಾನೇ ಕೈ ತೂರಿಸಬೇಕು, ನಾನೇ ತೆಗೀಬೇಕು."

ಅಂಗೈ ಸುತ್ತ ಅಳೆದೆ, ಹೆಬ್ಬೆರಳ ಬುಡದಿಂದ ಮಣಿಕಟ್ಟಿಗೆ ಅಳೆದೆ. ದಪ್ಪ ಹತ್ತಿ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು, ಅಂಚಿಗೆ ಎರಡು ಸಾಲು ಕೈಹೊಲಿಗೆ. ಬಟ್ಟೆ ಒಗೆತಕ್ಕೆ ಕುಗ್ಗುತ್ತದೆ ಎಂದು ಅರ್ಧ ಬೆರಳು ಸಡಿಲ ಇಟ್ಟೆ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೆ, ಬೇಕಾದರೆ ಬಿಚ್ಚಿ ದೊಡ್ಡದು ಮಾಡಲು. ನಮ್ಮ ಕಸುಬಿನಲ್ಲಿ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಬಟ್ಟೆ ಬಿಡದೆ ಹೊಲಿಯುವವನು ದರ್ಜಿಯಲ್ಲ, ಕಳ್ಳ ಎನ್ನುತ್ತಿದ್ದರು ಯಜಮಾನರು. ಮೈ ಬೆಳೆಯುತ್ತದೆ, ಹೊಟ್ಟೆ ಬರುತ್ತದೆ, ಬಸುರಾಗುತ್ತಾರೆ. ಐವತ್ತು ವರ್ಷ ನಾನು ಹೊಲಿದದ್ದು ಬೆಳೆಯುವವರಿಗೇ.

ಒಮ್ಮೆ ಕೈ ತೂರಿಸಿ ನೋಡಿದ. ಸರಿಯಾಗಿತ್ತು. "ಹೊಸ ಮೆಷಿನ್‌ಗೆ ಹೊಸ ಪಟ್ಟಿ" ಎಂದು ಮಡಚಿ ಮೇಜಿನ ಖಾನೆಯಲ್ಲಿ ಇಟ್ಟುಬಿಟ್ಟ. ಹಳೆಯದನ್ನು ತೊಡೆಯ ಮೇಲೆ ಊರಿಕೊಂಡು ಆಡುತ್ತಿದ್ದ.

ಮುಂದಿನ ವಾರ ಎಂದವರು ಬಂದದ್ದು ಮೂರು ತಿಂಗಳು ಕಳೆದು. ಒಬ್ಬ ಯುವಕ, ಇಸ್ತ್ರಿ ಮುರಿಯದ ಅಂಗಿ, ಎದೆಯ ಮೇಲೆ ಕಂಪನಿಯ ಚೀಟಿ. ಹೊಸ ಯಂತ್ರವನ್ನು ಪರದೆಗೆ ಜೋಡಿಸಿ, ಪೆಟ್ಟಿಗೆಯಿಂದ ಕಂಟ್ರೋಲರನ್ನು ಹಸುಗೂಸನ್ನು ಎತ್ತುವಂತೆ ಎತ್ತಿದ. "ಊರಿಗೆಲ್ಲ ಇರೋದು ಇದೊಂದೇ, ಸ್ವಲ್ಪ ಜೋಪಾನ" ಎಂದ. ತಂಗಿ ಅವತ್ತು ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಡಾಕ್ಟ್ರು ಅದನ್ನು ತಿರುಗಿಸಿ ಬೆನ್ನು ನೋಡಿದ. ತೂತಿರಲಿಲ್ಲ. ಇರುತ್ತದೆ ಎಂದು ಯಾರು ಹೇಳಿದ್ದರು? ಆದರೂ ಅವನು ಹೆಬ್ಬೆರಳಿಂದ ಒಮ್ಮೆ ಸವರಿ ನೋಡಿದ.

"ಟೇಪ್ ಸುತ್ತೋಣ ಬಿಡಿ" ಎಂದು ಡ್ರೈವರ್ ನನ್ನ ಪಟ್ಟಿಯನ್ನು ಅದರ ಬೆನ್ನಿಗೆ ಬಿಗಿದುಕೊಟ್ಟ. ತಂಗಿಯ ಕೈಗೆ ಹಳೆಯ ತರಹದ ಕಂಟ್ರೋಲರನ್ನೇ ಜೋಡಿಸಿ ಕೊಟ್ಟರು. ಪರದೆಯ ಮೇಲೆ ಹೊಳೆ ಕಂಡಿತು. ನೀರಿನ ಮೇಲೆ ಬಿಸಿಲು.

"ಹಾಕು ಪುಟ್ಟಿ."

ದೋಣಿ ಹೊರಟಿತು. ಮೊದಲ ತಿರುವು ದಾಟಿತು. ನಾನು ಪರದೆ ನೋಡುತ್ತಿರಲಿಲ್ಲ, ಪಟ್ಟಿ ನೋಡುತ್ತಿದ್ದೆ. ಪಟ್ಟಿಗೂ ಅಂಗೈಗೂ ನಡುವೆ ಬೆಳಕು ಕಾಣುತ್ತಿತ್ತು. ಒಂದು ಬೆರಳು ಆರಾಮಾಗಿ ಹೋಗುವಷ್ಟು. ಮೂರು ತಿಂಗಳಲ್ಲಿ ಆ ಕೈ ಅಷ್ಟು ಕರಗಿತ್ತು, ನಾನು ಮತ್ತೆ ಅಳೆದಿರಲಿಲ್ಲ. ಒಮ್ಮೆ ಹಾಕಿ ನೋಡಿ ಸರಿಯಾದ ಮೇಲೆ ಮತ್ತೆ ಅಳೆಯುವ ರೂಢಿ ನಮ್ಮಲ್ಲಿಲ್ಲ. ಬಾಯಿ ತೆರೆದು ನಿಲ್ಲಿಸು ಎನ್ನುವಷ್ಟರಲ್ಲಿ ದೋಣಿ ಬಲಗಡೆಯ ಬಂಡೆಗೆ ಬಡಿಯಿತು, ಕಂಟ್ರೋಲರ್ ನಡುಗಿತು, ಕೈಯಿಂದ ಕಳಚಿ ನೆಲಕ್ಕೆ ಬಿತ್ತು. ಮೂಲೆ ಸೀಳಿತು.

ಪರದೆಯಲ್ಲಿ ದೋಣಿ ಗಿರಗಿರ ಸುತ್ತುತ್ತಿತ್ತು. ತಂಗಿ ಒಬ್ಬಳೇ ಹುಟ್ಟು ಹಾಕುತ್ತಲೇ ಇದ್ದಳು.

ಆ ಯುವಕ ಬೈಯಲಿಲ್ಲ, ಅದನ್ನು ಹೇಳಲೇಬೇಕು. ಬಗ್ಗಿ ಎತ್ತಿಕೊಂಡು ಒರೆಸಿದ. ಮೇಷ್ಟ್ರು ಅಭಿಪ್ರಾಯದ ಹಾಳೆಯಲ್ಲಿ ಎರಡು ತೂತಿನ ವಿಷಯವನ್ನು ಚಿತ್ರ ಸಮೇತ ಬರೆದು ಕೊಟ್ಟರು. ಅವನು ಓದಿ ತಲೆ ಕೆರೆದುಕೊಂಡ.

"ಸಾರ್, ಅಚ್ಚು ಆಗಿಹೋಗಿದೆ. ಕಾರ್ಖಾನೇಲಿ ಲಕ್ಷಗಟ್ಟಲೆ ಆಗ್ಲೇ ಎರಕ ಹೊಯ್ದಿದ್ದಾರೆ. ನಾವು ಕೇಳ್ತಿರೋದು ಬಣ್ಣ ಮಾತ್ರ. ನೀಲೀನೋ ಬೂದೀನೋ ಅಂತ."

"ಮತ್ತೆ ಮೂರು ತಿಂಗಳಿಂದ ನಾವು ಜಗಳ ಆಡಿದ್ದು?" ಎಂದ ಡ್ರೈವರ್.

ಡಾಕ್ಟ್ರು, "ಬೂದಿ ಬರ್ಕೊಳ್ಳಿ, ಕೊಳೆ ಕಾಣಲ್ಲ" ಎಂದ.

ಎಲ್ಲರೂ ಹೋದ ಮೇಲೆ ನಾನು ಅವನ ಮುಂದೆ ಕೂತೆ. "ತಪ್ಪು ನಂದಪ್ಪಾ. ಸಡಿಲ ಬಿಟ್ಟೆ."

"ನಾನೂ ಖಾನೆಯಲ್ಲಿ ಇಟ್ಕೊಂಡೆ ಅಲ್ವಾ ಅಮ್ಮಾ. ದಿನಾ ಹಾಕ್ಕೊಂಡಿದ್ರೆ ಗೊತ್ತಾಗ್ತಿತ್ತು" ಎಂದ. ಆಮೇಲೆ, "ಗೊತ್ತಾಗೋದು ಬೇಡ ಅಂತಾನೇ ಇಟ್ಟಿದ್ದೆ ಅನ್ಸುತ್ತೆ" ಎಂದ.

ಅವತ್ತೇ ಬಿಚ್ಚಿ ಬಿಗಿ ಮಾಡಿದೆ. ಅಲ್ಲಿಂದಾಚೆಗೆ ತಿಂಗಳಿಗೊಮ್ಮೆ ಅಳೆದೆ. ಪ್ರತಿ ಸಲವೂ ಟೇಪು ಒಂದು ಗೆರೆ ಹಿಂದಕ್ಕೆ ಬರುತ್ತಿತ್ತು. ಗೆರೆಯನ್ನು ನಾನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವನು ಕೇಳುತ್ತಿರಲಿಲ್ಲ.

ಹೊಸ ಯಂತ್ರ ಮಾರಾಟಕ್ಕೆ ಬಂದ ವಾರ ಡ್ರೈವರ್, ಮೇಷ್ಟ್ರು, ನರ್ಸ್ ಮೂವರೂ ಸೇರಿ ಒಂದನ್ನು ತಂದರು. ಡ್ರೈವರ್ ಎರಡು ಕಂಟ್ರೋಲರನ್ನೂ ಅವನ ಮೇಜಿನ ಮೇಲಿಟ್ಟು, ಡ್ರಿಲ್ ತೆಗೆದು, "ಡಾಕ್ಟ್ರೇ, ಎಲ್ಲಿ ತೂತು ಹಾಕ್ಲಿ, ಬೆರಳು ಇಟ್ಟು ತೋರ್ಸಿ" ಎಂದ.

"ಗ್ಯಾರಂಟಿ ಹೋಗುತ್ತೆ" ಎಂದರು ಮೇಷ್ಟ್ರು.

"ಯಾರಿಗ್ರೀ ಇದೆ ಗ್ಯಾರಂಟಿ?" ಎಂದ ಡ್ರೈವರ್. ಆಡಿದ ಮೇಲೆ ತಾನೇ ನಾಲಿಗೆ ಕಚ್ಚಿಕೊಂಡ. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಡಾಕ್ಟ್ರೇ. ಒಳಗೆ ತಂತಿ ಎಲ್ಲಿ ಹೋಗಿದೆ, ಎಲ್ಲಿ ಖಾಲಿ ಇದೆ ಎಂದು ಕಣ್ಣು ಮುಚ್ಚಿಕೊಂಡು ಬೆರಳಿಟ್ಟು ತೋರಿಸಿದ. ಆ ತಡವರಿಸುವ ಬೆರಳು ಒಂದು ಕೂದಲೆಳೆಯೂ ತಪ್ಪಲಿಲ್ಲ. ಡ್ರೈವರ್ ಬೆವರುತ್ತಾ ತೂತು ಕೊರೆದ. ತಂಗಿಯದಕ್ಕೆ ಬೇಡ ಎಂದು ನರ್ಸ್ ಹೇಳಿದಳು. "ಎರಡಕ್ಕೂ ಹಾಕಿ" ಎಂದ ಅವನು. "ಜೋಡಿ ಇರ್ಲಿ." ಆಗ ನನಗೆ ಅದರ ಅರ್ಥ ಆಗಲಿಲ್ಲ.

ಒಂದು ವರ್ಷ ಆಡಿದರು. ಮೊದಲು ಅವನು ಚುಕ್ಕಾಣಿಯ ಕೆಲಸವನ್ನೆಲ್ಲ ಎಡ ಹೆಬ್ಬೆರಳಿಗೆ ಬದಲಾಯಿಸಿಕೊಂಡ. ಹೊಸದರಲ್ಲಿ ಯಾವ ಬಟನ್ನಿನ ಕೆಲಸವನ್ನು ಯಾವುದಕ್ಕೆ ಬೇಕಾದರೂ ಕೊಡಬಹುದಾಗಿತ್ತು, ಆ ಪುಣ್ಯವೊಂದಿತ್ತು. ಆಮೇಲೆ ಅಂಗಡಿಗೆ ಬರುವುದು ನಿಂತಿತು. ಅವನ ಮೇಜನ್ನು ಅವನು ಸರಿಸಿಟ್ಟ ಜಾಗದಲ್ಲೇ ಬಿಟ್ಟಿದ್ದೇನೆ. ಕಿಟಕಿಯ ಬೆಳಕೆಲ್ಲ ಈಗ ನನ್ನದೇ. ವಾರಕ್ಕೆರಡು ಮಧ್ಯಾಹ್ನ ಸೂಜಿ ದಾರ ತೆಗೆದುಕೊಂಡು ಅವನ ಮನೆಗೆ ಹೋಗುತ್ತಿದ್ದೆ. ಅವರು ಸಮುದ್ರ ಮುಟ್ಟಿದ ದಿನ ನಾನು ಅಲ್ಲಿದ್ದೆ. ದಿಂಬಿಗೊರಗಿ ಕೂತಿದ್ದ. ಹೊಳೆ ಅಗಲವಾಗಿ, ದಡಗಳು ದೂರ ಸರಿದು, ಕೊನೆಗೆ ಬರೀ ನೀರು. "ಅಣ್ಣಾ, ಇನ್ನು ಬಂಡೆ ಇಲ್ಲ" ಎಂದಳು ಅವಳು. "ಹಾಗಾದ್ರೆ ಬಾಯಿ ಹಾಕು, ಪರವಾಗಿಲ್ಲ" ಎಂದ.

ಪಟ್ಟಿಯ ಮೇಲೆ ಆ ಹೊತ್ತಿಗೆ ಏಳು ಸಾಲು ಹೊಲಿಗೆ ಬಿದ್ದಿತ್ತು. ಬಿಗಿ ಮಾಡಿದಷ್ಟೂ ಒಳಗಿನ ಬಟ್ಟೆ ದಪ್ಪವಾಗುತ್ತಾ ಹೋಗಿ ಅಂಗೈಗೆ ಒತ್ತುತ್ತಿತ್ತು. ಕತ್ತರಿಸಿ ಹಗುರ ಮಾಡಬಹುದಿತ್ತು. ಕತ್ತರಿ ಕೈಗೆ ತೆಗೆದುಕೊಂಡು ಎಷ್ಟೋ ಸಲ ಹಾಗೆಯೇ ಇಟ್ಟೆ. ಹಿಂದಕ್ಕೆ ಬಂದ ಗೆರೆ ಎಂದಾದರೂ ಮುಂದಕ್ಕೆ ಹೋದೀತು ಎಂಬ ಆಸೆ ಯಾವ ಮೂಲೆಯಲ್ಲಿತ್ತೋ. ಕತ್ತರಿಸುವ ಬದಲು ಮೇಲೊಂದು ಮೆತ್ತನೆಯ ಅಸ್ತರು ಹಾಕಿದೆ.

ಕೊನೆಯ ಸಲ ಹೋದಾಗ ಅವನ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಪಟ್ಟಿ ಕಟ್ಟಿದ ಕಂಟ್ರೋಲರ್ ಪಕ್ಕದಲ್ಲಿತ್ತು, ಹತ್ತು ದಿನದಿಂದ ಮುಟ್ಟಿಲ್ಲ ಎಂದಳು ತಂಗಿ. ನಾನು ಅಭ್ಯಾಸಬಲದಿಂದ ಟೇಪು ತೆಗೆದೆ. ಅವನು ಬೇಡ ಎಂದು ತಲೆ ಆಡಿಸಿದ. ಮಾತು ಸಣ್ಣಗಾಗಿತ್ತು, ಕಿವಿ ಹತ್ತಿರ ತರಬೇಕಿತ್ತು.

ತಂಗಿ ನನಗೆ ನೀರು ತಂದಳು. ಬಾಗಿಲಿನಿಂದ ನನ್ನವರೆಗೆ ನಾಲ್ಕೇ ಹೆಜ್ಜೆ. ಲೋಟವನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ನಾನು ನೋಡಿದೆ. ಅವನು ನೋಡುತ್ತಿದ್ದುದನ್ನೂ ನೋಡಿದೆ. ಅದು ಅವನಿಗೆ ಹೊಸದಾಗಿ ಕಂಡದ್ದಲ್ಲ. ಎರಡಕ್ಕೂ ತೂತು ಹಾಕಿ ಎಂದು ಹೇಳಿದ ದಿನವೇ ಅವನ ಕಣ್ಣಿಗೆ ಬಿದ್ದಿತ್ತು ಎಂದು ಆಗ ನನಗೆ ತಿಳಿಯಿತು. ಅವಳು ಲೋಟ ನನ್ನ ಕೈಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಏನೂ ಆಗದವಳಂತೆ ಒಳಗೆ ಹೋದಳು.

ಅವನು ಅವಳು ಹೋದ ಬಾಗಿಲನ್ನು ನೋಡಿ, ಪಕ್ಕದಲ್ಲಿದ್ದ ಪಟ್ಟಿಯ ಕಡೆ ಕಣ್ಣು ತಿರುಗಿಸಿದ. ನಾನು ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟೆ.

"ಅಮ್ಮಾ," ಎಂದ, "ಒಳಗಿನ ಬಟ್ಟೆ ಕತ್ತರಿಸಿಲ್ಲ ತಾನೇ?"